ಮರದ ಮೇಲೆ ಮೊಸಳೆ ಬರೆಯುವ ಮೊದಲು ಬಿಸಿಲು ಎಲ್ಲಿ ಬಿದ್ದಿದೆ ನೋಡಿ

ಅಳಿದುಹೋದ ಪ್ರಾಣಿಗಳ ಚಿತ್ರ ಬರೆಯುವುದು ನನ್ನ ಕೆಲಸ. ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಪ್ರಾಣಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಅದು ಮೆಕೊಸೂಕಸ್. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿದ್ದ, ಮರ ಹತ್ತುತ್ತಿತ್ತು ಎಂದು ಹೇಳುವ ಸಣ್ಣ ಮೊಸಳೆ. ಪ್ರಶ್ನೆಯ ಜೊತೆ ನಿಮ್ಮ ಚಿತ್ರಗಳನ್ನೂ ಕಳಿಸುತ್ತೀರಿ. ಸಂತೋಷ. ಆದರೆ ಹತ್ತರಲ್ಲಿ ಎಂಟು ಚಿತ್ರಗಳಲ್ಲಿ ಅವೇ ತಪ್ಪುಗಳು. ಅದಕ್ಕೆ ಈ ಸಲ ಎಲ್ಲ ಬಿಟ್ಟು ಇದಕ್ಕೇ ಉತ್ತರ. ಪೆನ್ಸಿಲ್ ಯಾವುದು, ಕಾಗದ ಯಾವುದು ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಬರೆಯಿರಿ.

ಈ ಮೊಸಳೆ ಡೈನೋಸಾರ್‌ಗಳ ಕಾಲದ್ದಾ? ಹಿನ್ನೆಲೆಯಲ್ಲಿ ಒಂದು ಡೈನೋಸಾರ್ ಹಾಕಬಹುದಾ?

ಹಾಕಬೇಡಿ. ಡೈನೋಸಾರ್‌ಗಳು ಹೋಗಿ 6.6 ಕೋಟಿ ವರ್ಷಗಳಾದವು. ನ್ಯೂ ಕ್ಯಾಲಿಡೋನಿಯಾದ ಈ ಮೊಸಳೆಯ ಮೂಳೆಗಳಲ್ಲಿ ಕೆಲವು ಸುಮಾರು 1,700 ವರ್ಷಗಳಷ್ಟೇ ಹಳೆಯವು.

ಬೇಲೂರು, ಹಳೇಬೀಡಿನ ಮಕರ ಇದೇ ಪ್ರಾಣಿ ಎಂದು ಒಂದು ವಿಡಿಯೊದಲ್ಲಿ ಹೇಳಿದರು. ನಿಜವೇ?

ಅಲ್ಲ. ಮಕರ ಶಿಲ್ಪಿಗಳ ಕಲ್ಪನೆ. ಸೊಂಡಿಲು, ಮೊಸಳೆ ಬಾಯಿ, ಬಳ್ಳಿಯಂಥ ಬಾಲ ಎಲ್ಲ ಸೇರಿಸಿ ಮಾಡಿದ ಅಂದದ ರೂಪ. ಅದಕ್ಕೆ ದೂರದ ದ್ವೀಪದ ಮೊಸಳೆಯನ್ನು ಕಟ್ಟುವವರು ಶಿಲ್ಪವನ್ನೂ ನೋಡಿಲ್ಲ, ಮೂಳೆಯನ್ನೂ ನೋಡಿಲ್ಲ. ಇಂಥ ವಿಡಿಯೊ ಮಕ್ಕಳಿಗೆ ತೋರಿಸಬೇಡಿ.

ಮೆಕೊಸೂಕಸ್ ಎತ್ತರದ ಕೊಂಬೆಯಿಂದ ಬೇಟೆಯ ಮೇಲೆ ಧುಮುಕುವ ಚಿತ್ರ ಬರೆಯುತ್ತಿದ್ದೇನೆ. ಎಷ್ಟು ಸಲ ಬರೆದರೂ ಕಾಲುಗಳು ಸರಿಯಾಗಿ ಕೂರುತ್ತಿಲ್ಲ. ಹಿಂದೆ ಎಂಥ ಕಾಡು ಹಾಕಲಿ? (ಚಿತ್ರಕಲೆ ವಿದ್ಯಾರ್ಥಿ, ಧಾರವಾಡ)

ಕಾಲು ಕೂರುತ್ತಿಲ್ಲ, ಯಾಕೆಂದರೆ ನೀವು ಮೊಸಳೆಗೆ ಉಡದ ಕಾಲು ಹಾಕಿದ್ದೀರಿ. ಮರ ಹತ್ತುವ ಪ್ರಾಣಿ ಎಂದ ಕೂಡಲೇ ನಮ್ಮ ಕೈ ಉಡದ ಕಡೆ ಹೋಗುತ್ತದೆ. ಉಡಕ್ಕೆ ಉದ್ದ ಬೆರಳು, ಪ್ರತಿ ಬೆರಳಿಗೂ ಕೊಕ್ಕೆಯಂಥ ಉಗುರು. ಮೊಸಳೆಯದು ಹಾಗಲ್ಲ. ಮುಂಗಾಲಿಗೆ 5 ಬೆರಳು, ಹಿಂಗಾಲಿಗೆ 4. ಉಗುರು ಇರುವುದು ಒಳಬದಿಯ ಮೂರು ಬೆರಳುಗಳಿಗೆ ಮಾತ್ರ. ಹೊರಬದಿಯ ಬೆರಳು ಬೋಳು. ನಿಮ್ಮ ಚಿತ್ರದಲ್ಲಿ ಇಪ್ಪತ್ತು ಉಗುರುಗಳಿವೆ, ನಾನು ಎಣಿಸಿದೆ. ಹನ್ನೆರಡು ಇರಬೇಕು. ಬಾಲವನ್ನು ಕೊಂಬೆಗೆ ಸುತ್ತಿದ್ದೀರಿ. ಮೊಸಳೆ ಬಾಲ ಅಕ್ಕಪಕ್ಕಕ್ಕೆ ಬೀಸುವ ದಪ್ಪ ಹಲಗೆ ಇದ್ದ ಹಾಗೆ. ಅದು ಯಾವುದನ್ನೂ ಸುತ್ತುವುದಿಲ್ಲ.

ಈಗ ಧುಮುಕುವ ವಿಷಯ. ಈ ಕಥೆ ಎಲ್ಲಿಂದ ಬಂತು ಎಂದು ಹೇಳಲೇಬೇಕು. ಆಸ್ಟ್ರೇಲಿಯಾದಲ್ಲಿ ಪ್ರವಾಸಿಗಳನ್ನು ಹೆದರಿಸಲು ಒಂದು ಹಳೇ ತಮಾಷೆ ಇದೆ: ಮರದ ಮೇಲಿಂದ ಕರಡಿ ತಲೆಯ ಮೇಲೆ ಬೀಳುತ್ತದೆ, ಹುಷಾರ್ ಎಂದು. ಅದನ್ನು 'ಡ್ರಾಪ್ ಬೇರ್' ಎನ್ನುತ್ತಾರೆ. ಮೆಕೊಸೂಕಸ್ ಕುಲದ ಸಣ್ಣ ಮೊಸಳೆಗಳು ಮರ ಹತ್ತುತ್ತಿದ್ದಿರಬಹುದು ಎಂಬ ಮಾತು ಬಂದಾಗ ಅದೇ ಧಾಟಿಯಲ್ಲಿ 'ಡ್ರಾಪ್ ಕ್ರಾಕ್' ಎಂಬ ಹೆಸರು ಹುಟ್ಟಿತು. ಹೆಸರು ಎಲ್ಲರ ಬಾಯಲ್ಲೂ ಕೂತಿತು. ಈಗ ಹೆಸರನ್ನೇ ಸಾಕ್ಷಿ ಅಂದುಕೊಂಡು ಜನ ಚಿತ್ರ ಬರೆಯುತ್ತಿದ್ದಾರೆ. ಧುಮುಕುತ್ತಿತ್ತು ಎಂದು ತೋರಿಸುವ ಮೂಳೆ ಒಂದೂ ಇಲ್ಲ. ನೆಲದ ಮೇಲೆ ಚೆನ್ನಾಗಿ ನಡೆಯುತ್ತಿತ್ತು ಎನ್ನಲು ಕಾರಣಗಳಿವೆ. ಮರ ಹತ್ತುತ್ತಿತ್ತು ಎನ್ನುವುದು ಊಹೆ. ಒಳ್ಳೆಯ ಊಹೆ, ಆದರೂ ಊಹೆ.

ಹಾಗಾದರೆ ಮರದ ಮೇಲೆ ಬರೆಯಲೇಬಾರದಾ? ಬರೆಯಬಹುದು. 2013ರಲ್ಲಿ ಬಂದ ಒಂದು ಅಧ್ಯಯನವೇ ನನಗೆ ಈ ಧೈರ್ಯ ಕೊಟ್ಟದ್ದು. ವ್ಲಾದಿಮಿರ್ ಡಿನೆಟ್ಸ್ ಮತ್ತು ಜೊತೆಗಾರರು ಈಗ ಬದುಕಿರುವ ಮೊಸಳೆಗಳೇ ಮರ ಹತ್ತುವುದನ್ನು ಆಫ್ರಿಕಾ, ಆಸ್ಟ್ರೇಲಿಯಾ, ಉತ್ತರ ಅಮೆರಿಕಗಳಲ್ಲಿ ದಾಖಲಿಸಿದರು. ನೆಲದಿಂದ 4 ಮೀಟರ್ ಎತ್ತರದವರೆಗೂ ಹತ್ತಿದ್ದವು. ಸಣ್ಣವು ಜಾಸ್ತಿ ಎತ್ತರಕ್ಕೆ, ದೊಡ್ಡವು ಕೆಳಗಿನ ಕೊಂಬೆಗೆ. ಆ ಮೊಸಳೆಗಳ ಮೈಯಲ್ಲಿ ಮರ ಹತ್ತಲೆಂದೇ ಆದ ಅಂಗ ಯಾವುದೂ ಇಲ್ಲ. ಅಂದರೆ ನಾಳೆ ಅವುಗಳ ಮೂಳೆ ಮಾತ್ರ ಸಿಕ್ಕರೆ, ಇವು ಮರ ಹತ್ತುತ್ತಿದ್ದವು ಎಂದು ಯಾರಿಗೂ ತಿಳಿಯುವುದಿಲ್ಲ. ಮೆಕೊಸೂಕಸ್ ಮೂಳೆ ನೋಡಿ 'ಹತ್ತುತ್ತಿರಲಿಲ್ಲ' ಎಂದು ಹಟ ಮಾಡುವವರಿಗೂ ಇದೇ ಉತ್ತರ.

ಇನ್ನು ಆ ಮೊಸಳೆಗಳು ಯಾಕೆ ಹತ್ತಿದವು? ಬೇಟೆಗಲ್ಲ. ಬಿಸಿಲು ಕಾಯಲು, ಸುತ್ತ ಏನಿದೆ ನೋಡಲು. ನೀರಿನ ಮೇಲೆ ಬಾಗಿದ ಮರದ ಮೇಲೆ ಮಲಗುತ್ತವೆ. ಯಾರಾದರೂ ಹತ್ತಿರ ಬಂದರೆ ಧೊಪ್ಪನೆ ನೀರಿಗೆ ಬೀಳುತ್ತವೆ. ಮರದಿಂದ ಮೊಸಳೆ 'ಬೀಳುವುದು' ನಿಜ ಅಂತ ಬೇಕಾದರೆ ಹೀಗೆ: ಹೆದರಿ, ನೀರಿಗೆ.

ನಿಮ್ಮ ಚಿತ್ರದ ಗಂಟು ಬಿಚ್ಚುವುದು ಇಲ್ಲಿಯೇ. ದಟ್ಟ ಕಾಡಿನಲ್ಲಿ ನೆಲಕ್ಕೆ ಬಿಸಿಲು ಕಡಿಮೆ. ಮೊಸಳೆಗೆ ಮೈ ಬಿಸಿಯಾಗಲು ಬಿಸಿಲು ಬೇಕು. ಎಲೆಗಳ ಸಂದಿನಿಂದ ಬಿಸಿಲಿನ ಒಂದು ತುಂಡು ಎಲ್ಲಿ ಬೀಳುತ್ತದೆ ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಅಲ್ಲಿ ಒಂದು ಓರೆ ಕಾಂಡ ಇಡಿ. ಆಮೇಲೆ ಮೊಸಳೆಯನ್ನು ಅದರ ಮೇಲೆ ಮಲಗಿಸಿ. ಹೊಟ್ಟೆ ಕಾಂಡಕ್ಕೆ ಪೂರ್ತಿ ಅಂಟಿರಲಿ, ಕಾಲುಗಳು ಎರಡೂ ಕಡೆ ಜೋತು ಬಿದ್ದಿರಲಿ. ಕಾಲಿನ ಕಷ್ಟ ಅರ್ಧ ಅಲ್ಲೇ ಮುಗಿಯುತ್ತದೆ. ಹತ್ತುತ್ತಿರುವುದನ್ನೇ ತೋರಿಸಬೇಕು ಎಂದರೆ ಮುಂಗಾಲು ಒಂದನ್ನು ಮುಂದೆ ಚಾಚಿ, ಆ ಮೂರು ಉಗುರು ತೊಗಟೆಗೆ ಕಚ್ಚಿರುವಂತೆ ಬರೆಯಿರಿ. ದೇಹದ ಭಾರ ಹಿಂಗಾಲ ಮೇಲಿರಲಿ. ನೆಟ್ಟಗೆ ನಿಂತ ಕಾಂಡವನ್ನು ಅಳಿಲಿನ ಹಾಗೆ ಏರಿಸಬೇಡಿ. ಸುಮಾರು 2 ಮೀಟರ್ ಉದ್ದದ ಪ್ರಾಣಿ ಅದು, ಬೆನ್ನ ತುಂಬ ಮೂಳೆ ಫಲಕ. ಆ ಭಾರ ನೋಡಿದವರಿಗೆ ತಿಳಿಯಬೇಕು.

ನೋಡಿ ಕಲಿಯಲು ದೂರ ಹೋಗಬೇಕಿಲ್ಲ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತರೆ ಕಾವೇರಿಯ ಬಂಡೆಗಳ ಮೇಲೆ ಬಿಸಿಲು ಕಾಯುವ ಮೊಸಳೆಗಳು ಸಿಗುತ್ತವೆ. ದಾಂಡೇಲಿಯ ಕಾಳಿ ನದಿಯಲ್ಲೂ ಇವೆ. ಅವು ಬೇರೆ ಜಾತಿ, ಮುಖ ಬೇರೆ. ಆದರೆ ಮಲಗಿದಾಗ ಹೊಟ್ಟೆ ಹೇಗೆ ಹರಡುತ್ತದೆ, ಕತ್ತಿನ ಬದಿ ಹೇಗೆ ಉಬ್ಬುತ್ತದೆ ಎಂದು ಕಲಿಯಲು ಅವೇ ಗುರುಗಳು. ದೊಡ್ಡದನ್ನು ಬಿಟ್ಟು ಮರಿಗಿಂತ ಸ್ವಲ್ಪ ದೊಡ್ಡದಾದದ್ದನ್ನು ನೋಡಿ. ದೋಣಿಯಲ್ಲೇ ಕೂತು ಸ್ಕೆಚ್ ಮಾಡಿ. ಒಳ್ಳೆಯ ಕೋನ ಸಿಗಲಿ ಎಂದು ದಂಡೆಗೆ ಇಳಿಯಬೇಡಿ. ಇದನ್ನು ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲ ಯಾರೋ ಒಬ್ಬರು ದಂಡೆಯಲ್ಲಿ ನಿಂತು ತೆಗೆದ ಫೋಟೊ ಕಳಿಸುತ್ತಾರೆ. ಅಂಥ ಫೋಟೊ ನೋಡಿ ಬರೆದ ಚಿತ್ರಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಮುಖಕ್ಕೆ ಬರೋಣ. ನೀವು ತಲೆಯ ಮೇಲೆ ಮೂರು ಏಣು ಬರೆದಿದ್ದೀರಿ. ಅದು ಟ್ರೈಲೋಫೋಸೂಕಸ್. ಆಸ್ಟ್ರೇಲಿಯಾದ ರಿವರ್ಸ್ಲಿಯಲ್ಲಿ ಸಿಕ್ಕಿದ, ಕೋಟಿ ವರ್ಷಕ್ಕೂ ಹಿಂದಿನ ದಾಯಾದಿ. ಮರ ಹತ್ತುವ ಮಾತು ಅದರ ಬಗ್ಗೆಯೂ ಇದೆ, ಅದಕ್ಕೇ ಎರಡನ್ನೂ ಕಲಸಿಬಿಡುತ್ತಾರೆ. ಮೆಕೊಸೂಕಸ್‌ಗೆ ಮೂತಿ ಗಿಡ್ಡ, ಹಿಂದಿನ ಹಲ್ಲುಗಳು ಮೊಂಡು. ಆ ಮೊಂಡು ಹಲ್ಲಿನಿಂದ ಬಸವನಹುಳು, ಏಡಿಯಂಥವನ್ನು ಒಡೆದು ತಿನ್ನುತ್ತಿತ್ತೇನೋ ಎಂದು ಕೆಲವರು ಹೇಳಿದ್ದಾರೆ. ಬಾಯಿ ಮುಚ್ಚಿಯೇ ಇರಲಿ. ಬಾಯಿ ತೆರೆದರೆ ಕೋಪ ಅಂತ ಅಂದುಕೊಂಡಿದ್ದೀರಿ, ಅಲ್ವಾ? ಬಿಸಿಲಲ್ಲಿ ಮೊಸಳೆ ಬಾಯಿ ತೆರೆದು ಮಲಗುವುದು ಹೆಚ್ಚಾಗಿ ತಲೆ ತಂಪಾಗಲಿ ಎಂದು.

ಕಾಡಿನ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ನಾನೇ ಕೆಟ್ಟದಾಗಿ ತಪ್ಪಿದ್ದೇನೆ. ಬಹಳ ಹಿಂದೆ ಮಕ್ಕಳ ಪುಸ್ತಕವೊಂದಕ್ಕೆ ಇದೇ ಮೊಸಳೆ ಬರೆದೆ. ಪ್ರಕಾಶಕರು ಕಾಡು ತುಂಬಿರಲಿ, ಒಂದು ಕಪ್ಪೆ, ಒಂದು ಮಂಗ ಇರಲಿ ಎಂದರು. ಹಾಕಿಕೊಟ್ಟೆ. ನ್ಯೂ ಕ್ಯಾಲಿಡೋನಿಯಾದಲ್ಲಿ ಮೂಲದ ಕಪ್ಪೆ ಒಂದೂ ಇಲ್ಲ. ಮಂಗ ಇಲ್ಲ, ಜಿಂಕೆ ಇಲ್ಲ. ನೆಲದ ಮೇಲೆ ಓಡಾಡುವ ಮೂಲದ ಸಸ್ತನಿಯೇ ಇಲ್ಲ. ಇದ್ದದ್ದು ಬಾವಲಿಗಳು ಮಾತ್ರ. ಈಗ ಅಲ್ಲಿರುವ ಕಪ್ಪೆ, ಜಿಂಕೆ, ಇಲಿ ಎಲ್ಲ ಜನ ತಂದವು. ಆ ಪುಸ್ತಕ ಇನ್ನೂ ಕೆಲವು ಶಾಲೆಗಳಲ್ಲಿದೆ. ಆ ಪುಟ ನೆನಪಾದರೆ ಈಗಲೂ ನೋವಾಗುತ್ತದೆ.

ಕಪ್ಪೆ, ಮಂಗ ಇಲ್ಲದಿದ್ದರೆ ಕಾಡು ಖಾಲಿ ಅಂದುಕೊಳ್ಳಬೇಡಿ. ಮರದ ಮೇಲೆ ಒಂದು ಅಡಿಗಿಂತ ಉದ್ದದ ಹಲ್ಲಿ ಇತ್ತು, ಈಗಲೂ ಇದೆ. ಗೆಕ್ಕೊ ಎನ್ನುವ, ನಮ್ಮ ಗೋಡೆ ಹಲ್ಲಿಯ ಬಳಗದಲ್ಲಿ ಈಗ ಬದುಕಿರುವವುಗಳಲ್ಲಿ ಅದೇ ದೊಡ್ಡದು. ತರಗೆಲೆಯ ಮೇಲೆ ಕಾಗು ಎಂಬ ಬೂದು ಬಣ್ಣದ, ಹಾರಲು ಬಾರದ ಹಕ್ಕಿ. ಹಿಂದೆ ಸಿಲ್ವಿಯಾರ್ನಿಸ್ ಎಂಬ ಇನ್ನೂ ದೊಡ್ಡ ಹಕ್ಕಿ ಇತ್ತು. ಸುಮಾರು 30 ಕೆಜಿ ತೂಗುತ್ತಿದ್ದ, ಹಾರದ ಹಕ್ಕಿ. ಅದೂ ಅಳಿದುಹೋಯಿತು. ಕೊಂಬಿರುವ ನೆಲದಾಮೆ ಮಿಯೋಲೇನಿಯಾ ಇತ್ತು. ಅಂಗೈ ಮೇಲೆ ಇಡುವಷ್ಟು ದೊಡ್ಡ ಬಸವನಹುಳುಗಳು ಇದ್ದವು. ಮಂಗ ಹಾಕುವ ಜಾಗಕ್ಕೆ ಈ ಬಸವನಹುಳು ಒಂದನ್ನು ಹಾಕಿದರೆ ಚಿತ್ರಕ್ಕೆ ಆ ದ್ವೀಪದ ಹೆಸರೇ ಬರೆದ ಹಾಗೆ.

ಮರಗಳಲ್ಲಿ ಎದ್ದು ಕಾಣುವುದು ಅರಾಕೇರಿಯಾ. ಕಂಬದ ಹಾಗೆ ನೆಟ್ಟಗೆ, 60 ಮೀಟರ್‌ವರೆಗೂ ಬೆಳೆಯುತ್ತದೆ. 1774ರಲ್ಲಿ ಕ್ಯಾಪ್ಟನ್ ಕುಕ್ ದಕ್ಷಿಣದ ಪುಟ್ಟ ದ್ವೀಪಕ್ಕೆ 'ಪೈನ್ ಮರಗಳ ದ್ವೀಪ' ಎಂದು ಹೆಸರಿಟ್ಟದ್ದು ಇದನ್ನೇ ನೋಡಿ. ಮೆಕೊಸೂಕಸ್‌ನ ಮೊದಲ ಮೂಳೆಗಳು ಸಿಕ್ಕಿದ್ದೂ ಆ ದ್ವೀಪದಲ್ಲೇ. 1987ರಲ್ಲಿ ಬಾಲುವೆ ಮತ್ತು ಬುಫೆತೋ ಎಂಬ ಫ್ರೆಂಚ್ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ಅರಾಕೇರಿಯಾವನ್ನು ದೂರದಲ್ಲಿ ನಿಲ್ಲಿಸಿ, ಅದರ ಮೇಲೆ ಮೊಸಳೆ ಬೇಡ. ಅಲ್ಲಿ ಆಲದ ಜಾತಿಯ ಮರಗಳೂ ಇವೆ. ಬೇರು ಹರಡಿ, ಕಾಂಡ ವಾಲಿ, ಹತ್ತಲು ಮೆಟ್ಟಿಲು ಕೊಟ್ಟ ಹಾಗೆ ಇರುತ್ತವೆ. ನಮ್ಮ ಊರಿನ ಆಲದ ಮರ ನೋಡಿ ಬೆಳೆದವರಿಗೆ ಇದು ಸುಲಭ. ನಾನು ಬರೆಯುವುದೂ ಅದನ್ನೇ.

ಒಂದು ಎಚ್ಚರ. ಫೋಟೊ ಹುಡುಕಿದರೆ ಬಿಳಿ ತೊಗಟೆಯ ನಿಯಾವುಲಿ ಮರಗಳು, ನಡುವೆ ಹುಲ್ಲುಗಾವಲು ಜಾಸ್ತಿ ಸಿಗುತ್ತದೆ. ಆ ಮರ ಅಲ್ಲಿಯದೇ. ಆದರೆ ಅಷ್ಟು ಹರಡಿದ್ದು ಜನ ಬೆಂಕಿ ಹಾಕಿ ಹಾಕಿ ಕಾಡು ಹೋದ ಮೇಲೆ. ಪಶ್ಚಿಮ ತೀರದ ಪಿಂಡಾಯ್ ಗುಹೆಗಳಲ್ಲಿ ಈ ಮೊಸಳೆಯ ಮೂಳೆ ಸಿಕ್ಕಿದೆ. ಅಲ್ಲಿ ಆಗ ಇದ್ದದ್ದು ಒಣ ಕಾಡು, ಈಗ ಉಳಿದಿರುವುದು ಬಹಳ ಸ್ವಲ್ಪ. ಬೆಟ್ಟದ ಕಡೆ ಹಸಿ ಕಾಡು, ಮರದಷ್ಟು ಎತ್ತರದ ಜರೀಗಿಡಗಳು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಜರೀಗಿಡವೂ ಇರಲಿ, ಒಣ ಪೊದೆಯೂ ಇರಲಿ ಎಂದು ಸುಮ್ನೆ ತುಂಬಬೇಡಿ.

ಬಣ್ಣ ಯಾವುದು?

ಚರ್ಮ ಸಿಕ್ಕಿಲ್ಲ. ಕಾಡಿನ ನೆರಳಲ್ಲಿ ಇರುವ ಈಗಿನ ಕುಳ್ಳ ಮೊಸಳೆಗಳು ಗಾಢ ಕಂದು, ಕಪ್ಪು. ನಾನು ಅದನ್ನೇ ಅನುಸರಿಸುತ್ತೇನೆ. ಗಿಳಿ ಹಸಿರು ಬೇಡ.

ಎ.ಐ.ನಲ್ಲಿ ಚಿತ್ರ ಮಾಡಿಸಿ ಅದರ ಮೇಲೆ ತಿದ್ದಿದರೆ ಆಗಲ್ವಾ?

ಆಗಲ್ಲ. ನನಗೆ ಬಂದ ಅಂಥ ಚಿತ್ರಗಳಲ್ಲಿ ಬೆರಳು ಆರು, ಬಾಲ ಉಡದ್ದು, ಕಾಡು ಅಮೆಜಾನ್‌ನದು. ತಿದ್ದುವಷ್ಟರಲ್ಲಿ ಹೊಸದೇ ಬರೆಯಬಹುದು.

ಈಗಲೂ ಎಲ್ಲೋ ಬದುಕಿದೆ ಎಂಬ ಫೋಟೊ ವಾಟ್ಸಾಪ್‌ನಲ್ಲಿ ಬಂತು.

ಬದುಕಿಲ್ಲ. ಮುಂದೆ ಕಳಿಸಬೇಡಿ.

ಮೊಸಳೆ ಎಷ್ಟು ಸಣ್ಣದು ಎಂದು ತೋರಿಸಲು ಪಕ್ಕದಲ್ಲಿ ಆದಿಮಾನವನನ್ನು ಹಾಕಬಹುದೇ? (ಶಾಲಾ ಶಿಕ್ಷಕಿ, ಹಾಸನ)

ಮನುಷ್ಯರನ್ನು ಹಾಕಬಹುದು, ಮೇಡಂ. ಆದಿಮಾನವ ಎಂಬ ಪದ ಮತ್ತು ತೊಗಲು ಸುತ್ತಿದ ವೇಷ ಎರಡೂ ಬೇಡ. ಸುಮಾರು 3,000 ವರ್ಷಗಳ ಹಿಂದೆ ಅಲ್ಲಿಗೆ ಬಂದವರು ದೋಣಿಯಲ್ಲಿ ದೊಡ್ಡ ಸಾಗರ ದಾಟಿದವರು. ಗೆಡ್ಡೆ ಬೆಳೆಯುತ್ತಿದ್ದರು. ಮಡಕೆಯ ಮೇಲೆ ಬಾಚಣಿಗೆಯಂಥ ಹಲ್ಲುಗಳಿರುವ ಅಚ್ಚಿನಿಂದ ಸಾಲು ಸಾಲು ಚುಕ್ಕಿ ಒತ್ತಿ ಅಲಂಕಾರ ಮಾಡುತ್ತಿದ್ದರು. ಅವರನ್ನು ಲಪಿಟಾ ಜನ ಎನ್ನುತ್ತಾರೆ. ಆ ಹೆಸರು ನ್ಯೂ ಕ್ಯಾಲಿಡೋನಿಯಾದ ಒಂದು ಜಾಗದ್ದೇ. ಪಕ್ಕದ ವನುವಾಟುವಿನ ಎಫಾಟೆ ದ್ವೀಪದಲ್ಲಿ, ಇದೇ ಮೊಸಳೆಯ ಹತ್ತಿರದ ಸಂಬಂಧಿಯ ಮೂಳೆ ಅಂಥ ಜನ ಇದ್ದ ನೆಲೆಯಲ್ಲೇ ಸಿಕ್ಕಿದೆ. ಹಾಗಾಗಿ ಜನ ಮತ್ತು ಮೊಸಳೆ ಒಂದೇ ಚಿತ್ರದಲ್ಲಿರುವುದು ಸರಿಯೇ.

ಈಟಿ ಹಿಡಿದು ಅಟ್ಟಿಸಿಕೊಂಡು ಹೋಗುವ ಗಂಡಸರನ್ನು ಬರೆಯಿಸಬೇಡಿ. ಒಬ್ಬ ಹೆಂಗಸು ತೊರೆಯ ಪಕ್ಕ ಬಾಗಿ ಬಸವನಹುಳು ಆರಿಸುತ್ತಿರಲಿ. ಸ್ವಲ್ಪ ದೂರದ ಓರೆ ಕಾಂಡದ ಮೇಲೆ ಮೊಸಳೆ ಮಲಗಿರಲಿ. ಅವಳ ಹೆಗಲಿಂದ ಪಾದದವರೆಗಿನ ಎತ್ತರ ನೋಡಿಕೊಂಡರೆ ಮೊಸಳೆಯ ಅಳತೆ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಜನ ಇರುವ ಈ ಚಿತ್ರದಲ್ಲಿ ಮಾತ್ರ ಬುಟ್ಟಿಯ ಹಿಂದೆ ಒಂದು ಇಲಿ ಹಾಕಬಹುದು. ಅದು ಅವರ ಜೊತೆಗೇ ಬಂದದ್ದು.