ಜಗಲಿಗೆ ಬಂದ ದೊಡ್ಡ ಪತಂಗ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ರ. ಮೇ ತಿಂಗಳಲ್ಲಿ ಒಂದು ಮಳೆ ಬಿದ್ದ ರಾತ್ರಿ ಜಗಲಿ ಲೈಟಿಗೆ ಅಂಗೈಗಿಂತ ದೊಡ್ಡ ಕಂದು ಚಿಟ್ಟೆ ಬಂದು ಕೂತಿತ್ತು, ರೆಕ್ಕೆ ತುದಿ ಥೇಟ್ ಹಾವಿನ ತಲೆ. ಮುಟ್ಟಿದ್ರೆ ಕಣ್ಣು ಹೋಗತ್ತೆ ಅಂತಾರೆ ನಮ್ಮತ್ತೆ, ನಿಜವಾ? ಏನಾದ್ರೂ ತಿನ್ನೋಕೆ ಇಡ್ಬೇಕಿತ್ತಾ?

ಉತ್ತರ: ಅದು ಚಿಟ್ಟೆ ಅಲ್ಲ ಮೇಡಂ, ಅಟ್ಲಾಸ್ ಪತಂಗ. ನಾಲ್ಕೂ ರೆಕ್ಕೇಲಿ ತ್ರಿಕೋನದ ಗಾಜಿನ ಕಿಟಕಿ ತರ ಇತ್ತಾ ನೆನಪು ಮಾಡ್ಕೊಳ್ಳಿ, ಇದ್ರೆ ಡೌಟೇ ಬೇಡ. ರೆಕ್ಕೆ ಬಿಚ್ಚಿದ್ರೆ 24 ಸೆಂ.ಮೀ. ತನಕ ಬರತ್ತೆ. ಮೀಸೆ ಅಗಲವಾಗಿ ಹಕ್ಕಿ ಪುಕ್ಕದ ಹಾಗಿದ್ರೆ ಗಂಡು, ಆ ಮೀಸೇಲೇ ಅದು ದೂರದಲ್ಲಿರೋ ಹೆಣ್ಣಿನ ವಾಸನೆ ಹಿಡಿಯೋದು. ರೆಕ್ಕೆ ಪುಡಿ ವಿಷ ಅಲ್ಲ, ಆದ್ರೆ ಉಜ್ಜಿದ್ರೆ ಪಾಪ ಅದರ ರೆಕ್ಕೆ ಹಾಳಾಗತ್ತೆ, ಹಾಗಾಗಿ ಅತ್ತೆ ಮಾತು ಕೇಳಿದ್ದೇ ಒಳ್ಳೇದಾಯ್ತು. ಸಕ್ಕರೆ ನೀರೂ ಬೇಡ, ತಿನ್ನೋಕೆ ಅದಕ್ಕೆ ಬಾಯೇ ಇಲ್ಲ, ಹುಳ ಆಗಿದ್ದಾಗ ತಿಂದ ಎಲೆಯ ಶಕ್ತೀಲೇ ಒಂದೆರಡು ವಾರ ಬದುಕಿ, ಜೋಡಿ ಸೇರಿ, ಮೊಟ್ಟೆ ಇಟ್ಟು ಮುಗೀತು.

ಇನ್ನೂ ನೋಡೋ ಆಸೆ ಇದ್ರೆ ಅಮಾವಾಸ್ಯೆ ಹತ್ರ, ಗಾಳಿ ಇಲ್ಲದ ಸೆಕೆ ರಾತ್ರಿ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಲೈಟ್ ಹಾಕಿ. ಫೋಟೋ ಮೇಲಿಂದ ನೇರವಾಗಿ ತೆಗೀರಿ, ಮೀಸೆ ಕಾಣ್ಲಿ. ಆಮೇಲೆ ಲೈಟ್ ಆರಿಸೋದು ಮರೀಬೇಡಿ, ಇಲ್ಲಾಂದ್ರೆ ಬೆಳಿಗ್ಗೆ ಮಡಿವಾಳ ಹಕ್ಕಿಗೆ ಭರ್ಜರಿ ತಿಂಡಿ.