1988ರ ಮಯಾಮಿ ಬೇಸ್ ಹಾಡು ನನ್ನ ಕಾರಿನಲ್ಲಿ ಬರೀ ಗಡಗಡ ಅನ್ನುತ್ತೆ, ಎದೆಗೆ ಬಡಿಯಲ್ಲ. ದೊಡ್ಡ ಆಂಪ್ ಹಾಕಿಸಲಾ?

ಬೇಡ, ಬರೀ ಆಂಪ್‌ಗೆ (ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್‌ಗೆ) ದುಡ್ಡು ಸುರಿಯಬೇಡಿ. ನೀವು ಬರೆದ ಪ್ರಕಾರ ನಿಮ್ಮದು ಹ್ಯಾಚ್‌ಬ್ಯಾಕ್, ಕಂಪನಿ ಕೊಟ್ಟ ಸ್ಟೀರಿಯೋ, ಸೀಟಿನ ಕೆಳಗೆ 8 ಇಂಚಿನ ಸಬ್‌ವೂಫರ್ (ತಳದ ಬೇಸ್‌ಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್), ಅದರ ಡಬ್ಬದ ಮೇಲೆ 600 ವಾಟ್ ಅಂತ ಅಚ್ಚು. ಹಾಡು ಲ'ಟ್ರಿಮ್ ಜೋಡಿಯ 'ಕಾರ್ಸ್ ವಿತ್ ದ ಬೂಮ್', ಮಯಾಮಿ ಬೇಸ್ ಅನ್ನುವ, ಭಾರಿ ಬೇಸ್ ಮೇಲೆ ನಿಂತ ಫ್ಲಾರಿಡಾದ ಹಿಪ್‌ಹಾಪ್ ಬಗೆಯದು. ನಿಮ್ಮ ಸಬ್ ಕೆಟ್ಟಿಲ್ಲ. ಆ ಹಾಡಿಗೆ ಬೇಕಾದಷ್ಟು ಗಾಳಿಯನ್ನು ತಳ್ಳುವ ತಾಕತ್ತು ಅದಕ್ಕಿಲ್ಲ, ಅಷ್ಟೇ. ವಾಟ್ ಏರಿಸಿದರೆ ಅದು ಇನ್ನಷ್ಟು ಜೋರಾಗಿ ಗಡಗಡ ಅನ್ನುತ್ತದೆ.

ಮೊದಲು ಹಾಡಿನ ಕಡೆಯಿಂದ ನೋಡೋಣ. ಬೂಮ್ ಇರುವ ಕಾರಿನ ಹುಡುಗರೇ ಇಷ್ಟ ಅಂತ ಇಬ್ಬರು ಹುಡುಗಿಯರು ತಮಾಷೆಯಾಗಿ ಹಾಡುವ ಹಾಡು ಅದು. ಮಾತು ಎಷ್ಟು ಹಗುರವೋ ಅಡಿಯ ಬೇಸ್ ಅಷ್ಟು ಭಾರ. ಮಯಾಮಿ ಬೇಸ್‌ನ ಆ ಭಾರ ಹುಟ್ಟುವುದು ಬೇಸ್ ಗಿಟಾರಿನಿಂದಲ್ಲ, ರೋಲಂಡ್ ಟಿಆರ್-808 ಎಂಬ ಡ್ರಮ್ ಮಷೀನಿನ ಕಿಕ್‌ನಿಂದ, ಅಂದರೆ ದೊಡ್ಡ ಡ್ರಮ್ಮಿನ ಏಟಿಗೆ ಬದಲಾಗಿ ಅದು ಹೊಡೆಯುವ ಸದ್ದಿನಿಂದ. 1980ರಲ್ಲಿ ಬಂದ ಈ ಮಷೀನನ್ನು 1983ರಲ್ಲೇ ನಿಲ್ಲಿಸಿದರು, ಸುಮಾರು 12,000 ಮಾತ್ರ ತಯಾರಾದವು. ನಿಜವಾದ ಡ್ರಮ್ಮಿನ ಹಾಗೆ ಕೇಳಿಸುವುದಿಲ್ಲ ಅಂತ ಆಗ ಮೂಗು ಮುರಿದವರೇ ಹೆಚ್ಚು. ಆದರೆ ಅದರ ಕಿಕ್ ಅಂದರೆ ಸುಮಾರು 50 ಹರ್ಟ್ಜ್‌ನ (ಸೆಕೆಂಡಿಗೆ 50 ಕಂಪನ, ಈ ಅಂಕಿ ಇಳಿದಷ್ಟೂ ಸ್ವರ ತಗ್ಗು), ಹೆಚ್ಚುಕಡಿಮೆ ಶುದ್ಧವಾದ ಸೈನ್ ಅಲೆ, ಅಂದರೆ ಬೆರಕೆಯಿಲ್ಲದ ಒಂದೇ ಸ್ವರ. ಸದ್ದು ಎಷ್ಟು ಹೊತ್ತು ಉಳಿಯಬೇಕೆಂದು ಹೊಂದಿಸುವ ಡಿಕೇ ಗುಂಡಿ ತಿರುಗಿಸಿದರೆ 'ಢಬ್' ಅನ್ನುವುದು 'ಢೂಂಂಂ' ಆಗುತ್ತದೆ. 1982ರಲ್ಲಿ ನ್ಯೂಯಾರ್ಕಿನ 'ಪ್ಲಾನೆಟ್ ರಾಕ್' ಹಾಡು ಈ ಸದ್ದನ್ನು ಕ್ಲಬ್ಬುಗಳಿಗೆ ತಂದಿತು. ಫ್ಲಾರಿಡಾದ ಡಿಜೆಗಳು ಅದನ್ನು ಇನ್ನಷ್ಟು ಎಳೆದು, ಸ್ಯಾಂಪಲ್ ಮಾಡಿ ಶ್ರುತಿ ಇಳಿಸಿ, 30–40 ಹರ್ಟ್ಜ್‌ವರೆಗೂ ಒಯ್ದರು. ಮಯಾಮಿ ಕೆರಿಬಿಯನ್ ಸೌಂಡ್ ಸಿಸ್ಟಂಗಳ ಪ್ರಭಾವವೂ ಇದ್ದ ಊರು, ಪಾರ್ಕುಗಳಲ್ಲಿ ಗೋಡೆಯೆತ್ತರ ಸ್ಪೀಕರ್ ಜೋಡಿಸುವುದು ಅಲ್ಲಿ ಮೊದಲೇ ರೂಢಿಯಲ್ಲಿತ್ತು. ಅದೇ ಚಟ ಕಾರಿನ ಡಿಕ್ಕಿಗೆ ಇಳಿಯಿತು.

ಈಗಿನ ಹಿಪ್‌ಹಾಪ್‌ನಲ್ಲಿ 808ಗೆ ಬೇಕೆಂದೇ ಸ್ವಲ್ಪ ಡಿಸ್ಟಾರ್ಷನ್ ಬೆರೆಸುತ್ತಾರೆ, ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ಮೂರು ಪಟ್ಟು ಎತ್ತರದ ಸ್ವರಗಳು) ಎದ್ದು ಫೋನಿನ ಸ್ಪೀಕರಿನಲ್ಲೂ ಬೇಸ್ ಇದ್ದ ಭ್ರಮೆ ಬರಲಿ ಅಂತ. ಹಳೆಯ ಮಯಾಮಿ ಹಾಡುಗಳಲ್ಲಿ ಆ ಊರುಗೋಲು ಕಡಿಮೆ. 40 ಹರ್ಟ್ಜ್ ಬರುವ ಸಿಸ್ಟಂ ಇದ್ದರೆ ಬೇಸ್ ಉಂಟು, ಇಲ್ಲದಿದ್ದರೆ ಬರೀ ಚಪ್ಪಾಳೆ ಮತ್ತು ಟಿಕ್‌ಟಿಕ್. ನಿಮಗೆ ಹೊಸ ಹಾಡುಗಳು ಚೆನ್ನಾಗಿ ಕೇಳಿಸಿ ಇದೊಂದು ಸಪ್ಪೆ ಅನ್ನಿಸುವುದು ಇದಕ್ಕೇ.

ಇನ್ನು ಸ್ಪೀಕರ್. 80 ಹರ್ಟ್ಜ್‌ನಿಂದ ಒಂದು ಸ್ಥಾಯಿ ಕೆಳಗೆ, 40ಕ್ಕೆ ಇಳಿದರೆ, ಅಷ್ಟೇ ಜೋರು ಬರಲು ಕೋನ್ (ಸ್ಪೀಕರಿನ ಅಲುಗಾಡುವ ಬಟ್ಟಲು) ನಾಲ್ಕು ಪಟ್ಟು ಹೆಚ್ಚು ಓಡಾಡಬೇಕು. ಸೀಟಡಿಯ ತೆಳ್ಳನೆ ಸಬ್‌ಗೆ ಅಷ್ಟು ಓಡಾಡಲು ಜಾಗವೇ ಇಲ್ಲ. 8 ಇಂಚಿನ ಕೋನ್ ವಿಸ್ತೀರ್ಣ ಸುಮಾರು 215 ಚದರ ಸೆಂ.ಮೀ., 12 ಇಂಚಿನದು 490ರ ಹತ್ತಿರ. ವಾಟ್ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ, ಅದೂ ಕೋನ್ ತಡೆದುಕೊಂಡರೆ. ಡಬ್ಬದ ಮೇಲಿನ 600 ಗರಿಷ್ಠ ವಾಟ್, ಕ್ಷಣಮಾತ್ರದ ಲೆಕ್ಕ. ನೀವು ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಬಿಡದೆ ತಡೆದುಕೊಳ್ಳುವ ವಾಟ್, ಆ ಜಾತಿಯ ಸಬ್‌ಗಳಲ್ಲಿ ಅದು ಸಾಮಾನ್ಯವಾಗಿ 100–150ರ ಆಸುಪಾಸು.

ಒಂದು ವಿಷಯದಲ್ಲಿ ನೀವು ಅದೃಷ್ಟವಂತರು: ಕಾರು ಚಿಕ್ಕದು. 50 ಹರ್ಟ್ಜ್ ಅಲೆಯ ಉದ್ದ ಸುಮಾರು 6.9 ಮೀಟರ್, ನಿಮ್ಮ ಕ್ಯಾಬಿನ್ನಿನ ಉದ್ದ ಹೆಚ್ಚೆಂದರೆ 2.5. ಅರ್ಧ ಅಲೆಯೂ ಹಿಡಿಸದ ಜಾಗದಲ್ಲಿ ಸದ್ದು ಅಲೆಯಾಗಿ ಹರಿಯುವುದಿಲ್ಲ, ಇಡೀ ಕ್ಯಾಬಿನ್ನಿನ ಒತ್ತಡವೇ ಒಟ್ಟಿಗೆ ಏರಿಳಿಯುತ್ತದೆ. ಹಾಗಾಗಿ ಸುಮಾರು 65–70 ಹರ್ಟ್ಜ್‌ನಿಂದ ಕೆಳಗೆ ಹೋದಷ್ಟೂ ಕಾರೇ ಬೇಸ್ ಕೂಡಿಸುತ್ತದೆ. ಲೆಕ್ಕದ ಪ್ರಕಾರ ಸ್ಥಾಯಿಗೆ 12 ಡೆಸಿಬೆಲ್, ಬಾಗಿಲು ಕಿಟಕಿಗಳ ಸೋರಿಕೆಯಿಂದ ನಿಜದಲ್ಲಿ ಅದಕ್ಕಿಂತ ಕಡಿಮೆ. ಮನೆಯಲ್ಲಿ ಸಾವಿರಾರು ವಾಟ್ ಬೇಡುವ ಸದ್ದು ಕಾರಿನಲ್ಲಿ ಕೆಲವು ನೂರಕ್ಕೆ ಬರುವ ಗುಟ್ಟು ಇದು. ಬೇಸಿಗೆಯ ವಿಡಿಯೋಗಳಲ್ಲಿ ಗಾಜು ಇಳಿಸಿಕೊಂಡು ಹೋಗುತ್ತಾರಲ್ಲ, ಅದು ಬೀದಿಯವರಿಗಾಗಿ. ಗಾಜು ಇಳಿಸಿದ ಕೂಡಲೇ ಒಳಗಿನ ಒತ್ತಡ ಸೋರಿ ತಳದ ಬೇಸ್ ಬಿದ್ದುಹೋಗುತ್ತದೆ. ಅದನ್ನು ತುಂಬಿಕೊಳ್ಳಲೇ ಅವರು ಎರಡು, ನಾಲ್ಕು 15 ಇಂಚಿನವನ್ನು ಹಾಕುವುದು. ನೀವು ಗಾಜು ಏರಿಸಿ ಎಸಿ ಹಾಕಿಕೊಂಡರೆ ಒಂದೇ 12 ಇಂಚು ಸಾಕು.

ನನ್ನ ಸಲಹೆ: 300–400 ವಾಟ್ ಆರ್‌ಎಂಎಸ್‌ನ ಒಂದು 12 ಇಂಚಿನ ಸಬ್, ಅಷ್ಟೇ ತಾಕತ್ತಿನ ಮೊನೊ (ಒಂದೇ ಚಾನೆಲ್‌ನ) ಕ್ಲಾಸ್ ಡಿ ಆಂಪ್ (ಕಡಿಮೆ ಬಿಸಿಯಾಗುವ ಬಗೆ), ಮತ್ತು ಸರಿಯಾದ ಪೆಟ್ಟಿಗೆ. ಬ್ರ್ಯಾಂಡ್ ಬಗ್ಗೆ ಜಗಳವಾಡುವವರು ಆಡಲಿ, ಈ ಹಾಡಿಗೆ ಫಲಿತಾಂಶದ ಮುಕ್ಕಾಲು ಪಾಲು ಪೆಟ್ಟಿಗೆಯದು.

ಮುಚ್ಚಿದ ಪೆಟ್ಟಿಗೆ ಸುಲಭ. 28–30 ಲೀಟರ್, ಗಾಳಿ ಸೋರಬಾರದು, ಮುಗಿಯಿತು. ಎಲ್ಲ ಬಗೆಯ ಹಾಡಿಗೂ ಸಮವಾಗಿ ಒದಗುತ್ತದೆ, ಡಿಕ್ಕಿಯಲ್ಲಿ ತರಕಾರಿ ಚೀಲಕ್ಕೂ ಜಾಗ ಉಳಿಯುತ್ತದೆ. ಆದರೆ 808ರ ಉದ್ದ ಢೂಂ ಮೈಗೆ ತಾಗಬೇಕಾದರೆ ಪೋರ್ಟ್ (ಗಾಳಿ ಆಡುವ ಕೊಳವೆ ಅಥವಾ ಸೀಳು) ಇರುವ ಪೆಟ್ಟಿಗೆಯೇ ಬೇಕು. ಅಂಗಡಿಗಳಲ್ಲಿ ಸಿಗುವ ಸಿದ್ಧ ಪೆಟ್ಟಿಗೆ ಮತ್ತು ಬೇಸ್ ಟ್ಯೂಬ್‌ಗಳು ಬಹುಪಾಲು ಚಿಕ್ಕವು, 45–50 ಹರ್ಟ್ಜ್‌ಗೆ ಟ್ಯೂನ್ ಆಗಿರುತ್ತವೆ, ಅಂದರೆ ಆ ಸ್ವರಕ್ಕೆ ಪೋರ್ಟ್ ಹೆಚ್ಚು ಒತ್ತು ಕೊಡುತ್ತದೆ. ಅಂಗಡಿಯಲ್ಲಿ ಕೇಳಿದಾಗ 'ಅಬ್ಬಾ' ಅನ್ನಿಸುತ್ತದೆ. ಮನೆಗೆ ಬಂದಮೇಲೆ ಎಲ್ಲ ಹಾಡಿನಲ್ಲೂ ಅದೊಂದೇ ಸ್ವರ ಗುಂಯ್‌ಗುಡುತ್ತದೆ, ಬೇಸ್ 38ಕ್ಕೆ ಇಳಿದ ಕಡೆ ಏನೂ ಇಲ್ಲ. ಕೊಳ್ಳುವ ಮುಂಚೆ ಪರೀಕ್ಷೆ ಹೀಗೆ: ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ 60ರಿಂದ 25 ಹರ್ಟ್ಜ್‌ವರೆಗೆ ಸಣ್ಣ ಸದ್ದಿನಲ್ಲಿ ನಿಧಾನ ಇಳಿಸುತ್ತಾ ಕೋನ್ ನೋಡಿ. ಕೋನ್ ಅತಿ ಕಡಿಮೆ ಅಲುಗಾಡಿ, ಪೋರ್ಟಿನಿಂದ ಗಾಳಿ ಜೋರಾಗಿ ಬರುವ ಆವರ್ತನವೇ ಅದರ ಟ್ಯೂನಿಂಗ್. ನಿಮಗೆ ಬೇಕಿರುವುದು 33–35.

ಬಡಗಿಯಿಂದ ಮಾಡಿಸುವುದಾದರೆ ಲೆಕ್ಕ ಕೊಡುತ್ತೇನೆ. ಗಾಳಿಗೆ ಸಿಗುವ ನಿವ್ವಳ ಜಾಗ 50 ಲೀಟರ್. ಪೋರ್ಟ್ ಸೀಳು 36 ಸೆಂ.ಮೀ. ಎತ್ತರ, 5 ಸೆಂ.ಮೀ. ಅಗಲ, ಉದ್ದ ಸುಮಾರು 80 ಸೆಂ.ಮೀ., ಎಲ್ ಆಕಾರದಲ್ಲಿ ಒಳಗೆ ಮಡಚಿದ್ದು. ಇದು 34 ಹರ್ಟ್ಜ್ ಹತ್ತಿರ ಕೂರುತ್ತದೆ. ಪೋರ್ಟ್ ತಾನೇ 15 ಲೀಟರ್ ನುಂಗುತ್ತದೆ, ಅದರ ಹಲಗೆ 5, ಸಬ್‌ನ ಹಿಂಭಾಗ 3. ಹಾಗಾಗಿ ಪೆಟ್ಟಿಗೆಯ ಒಳ ಅಳತೆ ಒಟ್ಟು 73 ಲೀಟರ್ ಬರಬೇಕು. ಬಡಗಿಗಳು ಎಡವುವುದು ಇಲ್ಲೇ: 50 ಅಂದರೆ ಒಟ್ಟು 50 ಅಂತ ಕೊಯ್ದುಬಿಡುತ್ತಾರೆ, ಟ್ಯೂನಿಂಗ್ 45ಕ್ಕೆ ಹಾರುತ್ತದೆ. ಪೋರ್ಟಿನ ಬಾಯಿ ಕಿರಿದು ಮಾಡಿ ಉದ್ದ ತಗ್ಗಿಸುವ ಆಸೆಗೂ ಬೀಳಬೇಡಿ, ಗಾಳಿ ಬುಸ್ ಅನ್ನುತ್ತದೆ. ಹಲಗೆ 18 ಮಿ.ಮೀ. ಎಂಡಿಎಫ್, ಮರದ ಅಂಟು, 10–12 ಸೆಂ.ಮೀ.ಗೊಂದು ಸ್ಕ್ರೂ, ಒಳಮೂಲೆಗಳಿಗೆಲ್ಲ ಸಿಲಿಕೋನ್. ಸಿಲಿಕೋನ್ ಒಂದು ದಿನ ಪೂರ್ತಿ ಒಣಗಿದ ಮೇಲೆಯೇ ಸಬ್ ಕೂರಿಸಿ. ಸೋರಿಕೆ ಹುಡುಕಲು ಊದುಬತ್ತಿ ಹಚ್ಚಿ, ಬೇಸ್ ನುಡಿಯುತ್ತಿರುವಾಗ ಕೂಡುಗಳ ಮೇಲೆ ಆಡಿಸಿ, ಹೊಗೆ ನಡುಗಿದ ಕಡೆ ತೂತಿದೆ. ಹ್ಯಾಚ್‌ಬ್ಯಾಕ್‌ನಲ್ಲಿ ಕೋನ್ ಹಿಂಬಾಗಿಲಿನ ಕಡೆ ಮುಖ ಮಾಡಿರಲಿ, ಮಧ್ಯೆ 15–30 ಸೆಂ.ಮೀ. ಬಿಡಿ. ಪೆಟ್ಟಿಗೆಯನ್ನು ಪಟ್ಟಿಯಿಂದ ಬಿಗಿಯಿರಿ, ಬ್ರೇಕ್ ಹೊಡೆದಾಗ 20 ಕಿಲೋ ತೂಕ ಬೆನ್ನಿಗೆ ಬರಬಾರದು.

ಸಬ್ ಕೊಳ್ಳುವಾಗ ಕಾಯಿಲ್ (ಕೋನನ್ನು ಅಲುಗಾಡಿಸುವ ತಂತಿಸುರುಳಿ) ಮತ್ತು ಅದರ ರೋಧ, ಅಂದರೆ ಓಮ್, ನೋಡಿ. ಎರಡು 4 ಓಮ್ ಕಾಯಿಲ್ ಇದ್ದರೆ ಪ್ಯಾರಲಲ್ ಜೋಡಿಸಿದಾಗ 2 ಓಮ್, ಸೀರೀಸ್‌ನಲ್ಲಿ 8. ಆಂಪ್ 2 ಓಮ್‌ಗೆ 400 ವಾಟ್ ಕೊಡುತ್ತದೆ ಅನ್ನಿ, ಆಗ ಪ್ಯಾರಲಲ್. ಎರಡು 2 ಓಮ್ ಕಾಯಿಲ್‌ನದನ್ನು ತಂದು ಪ್ಯಾರಲಲ್ ಮಾಡಿದರೆ 1 ಓಮ್ ಆಗಿ, 2 ಓಮ್‌ವರೆಗಷ್ಟೇ ತಡೆಯುವ ಆಂಪ್ ಪ್ರೊಟೆಕ್ಟ್‌ಗೆ ಹೋಗುತ್ತದೆ, ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಹೋಗುತ್ತದೆ.

400 ವಾಟ್ ಕೊಡಲು ಆಂಪ್ ಬ್ಯಾಟರಿಯಿಂದ ಎಳೆಯುವುದು ಸುಮಾರು 36 ಆಂಪಿಯರ್. 4 ಗೇಜ್ ಶುದ್ಧ ತಾಮ್ರದ ವೈರ್, ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ 50 ಆಂಪಿಯರ್ ಫ್ಯೂಸ್. ಈ ಫ್ಯೂಸ್ ಆಂಪ್ ಉಳಿಸಲು ಅಲ್ಲ, ವೈರ್ ಎಲ್ಲೋ ಕಾರಿನ ತಗಡಿಗೆ ತಾಗಿದರೆ ಕಾರಿಗೆ ಬೆಂಕಿ ಹತ್ತದಿರಲು. ಅದನ್ನು ಆಂಪ್ ಪಕ್ಕ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ, ಒಪ್ಪಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಕೊಂಡರೂ ಅಗ್ಗದ ಕಿಟ್‌ಗಳ ಕತ್ತರಿಸಿದ ತುದಿ ನೋಡಿ: ಚಾಕುವಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಒಂದು ಸೈಜ್ ದಪ್ಪದ್ದು ಬೇಕಾಗುತ್ತದೆ. ಎಂಜಿನ್ ಗೋಡೆ ದಾಟುವ ಕಡೆ ವೈರ್ ಕೊಯ್ಯದಂತೆ ತೂತಿಗೆ ರಬ್ಬರ್ ಗ್ರೋಮೆಟ್ (ರಬ್ಬರ್ ಬಳೆ) ಕಡ್ಡಾಯ. ಗ್ರೌಂಡ್ ವೈರ್ ಅಷ್ಟೇ ದಪ್ಪ, ಅರ್ಧ ಮೀಟರ್ ಒಳಗೆ, ಬಣ್ಣ ಕೆರೆದ ಬರಿ ಲೋಹಕ್ಕೆ. ಸೀಟ್‌ಬೆಲ್ಟ್ ಬೋಲ್ಟಿಗೆ ಬೇಡ. ಪವರ್ ವೈರ್ ಕಾರಿನ ಒಂದು ಬದಿ, ಸಿಗ್ನಲ್ ವೈರ್ ಇನ್ನೊಂದು ಬದಿ. ಬೇಸ್ ಹೊಡೆದಾಗ ಹೆಡ್‌ಲೈಟ್ ಮಂಕಾದರೆ ಕೆಪಾಸಿಟರ್ ಮಾರಲು ಬರುತ್ತಾರೆ. ಮೊದಲು ಗ್ರೌಂಡ್ ಮತ್ತು ಬ್ಯಾಟರಿ ಟರ್ಮಿನಲ್ ಬಿಗಿ ಮಾಡಿಸಿ. 808 ಅರ್ಧ ಸೆಕೆಂಡಿಗೂ ಹೆಚ್ಚು ಎಳೆಯುವ ಸದ್ದು, ಅಷ್ಟು ಹೊತ್ತು ಕೆಪಾಸಿಟರ್ ಉಸಿರು ಹಿಡಿಯುವುದಿಲ್ಲ.

ಕಂಪನಿ ಸ್ಟೀರಿಯೋಗೆ ಸಾಮಾನ್ಯವಾಗಿ ಆರ್‌ಸಿಎ ಔಟ್ (ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇರುವುದಿಲ್ಲವಾದ್ದರಿಂದ ಹೈ ಲೆವೆಲ್ ಇನ್‌ಪುಟ್ ಇರುವ, ಅಂದರೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಆಂಪ್ ತಗೊಳ್ಳಿ. ಕೆಲವು ಕಂಪನಿ ಸ್ಟೀರಿಯೋಗಳು ವಾಲ್ಯೂಮ್ ಏರಿಸಿದಂತೆ ಡೋರ್ ಸ್ಪೀಕರ್ ಕಾಪಾಡಲು ಬೇಸನ್ನು ತಾವೇ ಇಳಿಸುತ್ತವೆ. ಹಾಗಿದ್ದರೆ ಸ್ಟೀರಿಯೋ ಬದಲಿಸುವುದೇ ನೇರ ದಾರಿ.

ಆಂಪ್ ಮೇಲಿನ ಗೇನ್ ಗುಂಡಿ (ಸ್ಟೀರಿಯೋ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವುದು) ವಾಲ್ಯೂಮ್ ಅಲ್ಲ, ಇದನ್ನು ಮಾತ್ರ ಕಿವಿಯಲ್ಲಿ ಹೊಂದಿಸಬೇಡಿ. ಸಬ್ ವೈರ್ ಬಿಚ್ಚಿ. ಈಕ್ವಲೈಜರ್ ಎಲ್ಲ ಸೊನ್ನೆ, ಬೇಸ್ ಬೂಸ್ಟ್ ಆಫ್, ಸ್ಟೀರಿಯೋ ವಾಲ್ಯೂಮ್ ಗರಿಷ್ಠದ ಮುಕ್ಕಾಲು. 50 ಹರ್ಟ್ಜ್, 0 ಡಿಬಿ ಟೋನ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪ್ ಔಟ್‌ಪುಟ್ ಅಳೆಯಿರಿ. ವಾಟ್ ಮತ್ತು ಓಮ್ ಗುಣಿಸಿ ವರ್ಗಮೂಲ ತೆಗೆದರೆ ಗುರಿ ಸಿಗುತ್ತದೆ: 400 × 2 = 800, ವರ್ಗಮೂಲ ಸುಮಾರು 28 ವೋಲ್ಟ್. ಅಲ್ಲಿಗೆ ಗೇನ್ ನಿಲ್ಲಿಸಿ. ಬೇರೆ ಸಂಗೀತದಲ್ಲಿ ತುಸು ಹೆಚ್ಚಾದರೂ ಸಬ್ ಬದುಕುತ್ತದೆ, ಏಕೆಂದರೆ ಏರಿಳಿತದ ನಡುವೆ ಕಾಯಿಲ್‌ಗೆ ತಣಿಯಲು ಬಿಡುವಿದೆ. ಇಲ್ಲಿ ಹಾಡೇ ಹೆಚ್ಚುಕಡಿಮೆ ಟೆಸ್ಟ್ ಟೋನ್. ಕ್ಲಿಪ್ ಆದ (ಆಂಪ್ ತಾಕತ್ತು ಮೀರಿ ಅಲೆಯ ತುದಿ ಕತ್ತರಿಸಿದ) 808 ಹತ್ತು ನಿಮಿಷ ಹೊಡೆದರೆ ಸುಟ್ಟ ಅಂಟಿನ ವಾಸನೆ ಬರುತ್ತದೆ. ಬಂದ ಕೂಡಲೇ ನಿಲ್ಲಿಸಿ.

ಸಬ್‌ಗೆ ಲೋ ಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನಷ್ಟೇ ಬಿಡುವ ಫಿಲ್ಟರ್) 80 ಹರ್ಟ್ಜ್, ಡೋರ್ ಸ್ಪೀಕರ್‌ಗಳಿಗೆ ಸಾಧ್ಯವಿದ್ದರೆ ಹೈ ಪಾಸ್ (ಮೇಲಿನದನ್ನಷ್ಟೇ ಬಿಡುವುದು) 80. ಪೋರ್ಟ್ ಪೆಟ್ಟಿಗೆಗೆ ಅತಿ ತಳದ ಸದ್ದನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ 28–30ರಲ್ಲಿ ಇರಲೇಬೇಕು. ಟ್ಯೂನಿಂಗ್‌ಗಿಂತ ಕೆಳಗೆ ಪೆಟ್ಟಿಗೆಯ ಗಾಳಿ ಕೋನನ್ನು ಹಿಡಿದಿಡುವುದಿಲ್ಲ, ಅದು ಹದ್ದು ಮೀರಿ ಜಿಗಿದು ಕಾಯಿಲ್ ಹಿಂದಿನ ತಟ್ಟೆಗೆ ಬಡಿಯುತ್ತದೆ. ಫೇಸ್ ಗುಂಡಿಯನ್ನು 0 ಮತ್ತು 180ರಲ್ಲಿ ಇಟ್ಟು, ಚಾಲಕನ ಸೀಟಿನಲ್ಲಿ ಕೂತು ಯಾವುದು ತುಂಬಿ ಕೇಳಿಸುತ್ತದೋ ಅದಕ್ಕೆ ಬಿಡಿ.

ಇಷ್ಟಾದ ಮೇಲೂ ಗಡಗಡ ಉಳಿದರೆ ಅದು ಸಬ್‌ದಲ್ಲ, ಕಾರಿನದು. ಮೊದಲ ಆರೋಪಿ ಹಿಂದಿನ ನಂಬರ್ ಪ್ಲೇಟ್, ಎರಡನೆಯದು ಪಾರ್ಸೆಲ್ ಟ್ರೇ. 30ರಿಂದ 80 ಹರ್ಟ್ಜ್‌ಗೆ ನಿಧಾನ ಏರುವ ಟೋನ್ (ಸ್ವೀಪ್) ಹಾಕಿ, ಇನ್ನೊಬ್ಬರಿಂದ ಒಂದೊಂದೇ ಭಾಗ ಒತ್ತಿಸಿ ನೋಡಿ. ಪ್ಲೇಟ್ ಹಿಂದೆ ಫೋಮ್ ಟೇಪ್, ಟ್ರೇ ಅಂಚಿಗೆ ಬಟ್ಟೆಪಟ್ಟಿ, ಹಿಂಬಾಗಿಲ ತಗಡಿಗೆ 2 ಮಿ.ಮೀ. ಬ್ಯೂಟೈಲ್ ಶೀಟ್ (ಕಂಪನ ಹೀರುವ ಅಂಟುರಬ್ಬರ್). ತಗಡಿನ ಕಾಲು ಭಾಗ ಮುಚ್ಚಿದರೂ ಕಂಪನ ಬಹಳ ಇಳಿಯುತ್ತದೆ, ಇಡೀ ಕಾರಿಗೆ ಅಂಟಿಸಿ ಬಿಲ್ ಏರಿಸಲು ಬಿಡಬೇಡಿ.

ಬೇಸಿಗೆಗೆ ಒಂದು ಎಚ್ಚರಿಕೆ. ತಾಮ್ರ 100 ಡಿಗ್ರಿ ಬಿಸಿಯೇರಿದರೆ ಅದರ ರೋಧ ಸುಮಾರು 39% ಏರುತ್ತದೆ, ಅದರಿಂದ ಸಬ್ ಕರೆಂಟ್ ಎಳೆಯುವುದು ಕಡಿಮೆಯಾಗುತ್ತದೆ. ಮೂರನೇ ಹಾಡಿಗೆ ಬೇಸ್ ಬತ್ತಿತು ಅನ್ನಿಸಿದಾಗ ಜನ ವಾಲ್ಯೂಮ್ ಏರಿಸುತ್ತಾರೆ, ಸಬ್ ಸುಡುವುದು ಹಾಗೆ. ಐದು ನಿಮಿಷ ತಗ್ಗಿಸಿ. ಆಂಪನ್ನು ಕಾರ್ಪೆಟ್ ಕೆಳಗೆ ಹುದುಗಿಸಬೇಡಿ, ಸುತ್ತ ನಾಲ್ಕು ಬೆರಳು ಗಾಳಿ ಆಡಲಿ.

ಫ್ಲಾರಿಡಾದಲ್ಲಿ 25 ಅಡಿ ದೂರಕ್ಕೆ ಕೇಳಿಸುವ ಕಾರ್ ಸ್ಟೀರಿಯೋಗೆ ದಂಡ ಹಾಕುವ ಕಾನೂನಿತ್ತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ವಾಕ್ ಸ್ವಾತಂತ್ರ್ಯದ ನೆಲೆಯಲ್ಲಿ ರದ್ದುಮಾಡಿತು, 2022ರಲ್ಲಿ ಅದು ತಿದ್ದುಪಡಿಯೊಂದಿಗೆ ಮತ್ತೆ ಬಂತು. ಆ ತೀರ್ಪಿನ ಧೈರ್ಯದ ಮೇಲೆ ಇಲ್ಲಿ ಗಲ್ಲಿ ಸುತ್ತಬೇಡಿ: ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್. ತಳದ ಬೇಸ್ ಗೋಡೆ ದಾಟುವಷ್ಟು ಸಲೀಸಾಗಿ ಇನ್ಯಾವ ಸದ್ದೂ ದಾಟುವುದಿಲ್ಲ. ಆಂಪ್ ಜೊತೆ ವೈರ್ ಇರುವ ಬೇಸ್ ನಾಬ್ ಬಂದರೆ ಅದನ್ನು ಗೇರ್ ಪಕ್ಕ, ಕೈಗೆ ಸಿಗುವ ಹಾಗೆ ಹಾಕಿಸಿಕೊಳ್ಳಿ. ನಾಬ್ ಪೂರ್ತಿ ಏರಿಸಿಟ್ಟೇ ಗೇನ್ ಅಳೆಯಬೇಕು, ಇಲ್ಲದಿದ್ದರೆ ಆ 28 ವೋಲ್ಟ್ ಲೆಕ್ಕ ಕೆಡುತ್ತದೆ.