ಅಪ್ಪ ಅಮ್ಮನಿಗೆ ಜೊತೆಯಾಗಿ ವಯಸ್ಸಾದ ನಾಯಿ: ಜೂಲಿಯಿಂದ ನಾವು ಕಲಿತದ್ದು

ನಮಸ್ಕಾರ. ರಾಜಾಜಿನಗರದಲ್ಲಿ ಮೊದಲ ಮಹಡಿಯ ಸ್ವಂತ ಮನೆ, ಲಿಫ್ಟ್ ಇಲ್ಲ, ಅಪ್ಪ ಅಮ್ಮ ಇಬ್ಬರಿಗೂ ಎಪ್ಪತ್ತು ದಾಟಿದೆ, ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಮರಿಯ ಹಿಂದೆ ಓಡುವ ಶಕ್ತಿಯಿಲ್ಲದ ಕಾರಣ ಶೆಲ್ಟರಿನಿಂದ ಶಾಂತ ಸ್ವಭಾವದ ಎಂಟು-ಹತ್ತು ವರ್ಷದ ನಾಯಿಯನ್ನು ತರಬಹುದೇ ಎಂದು ಕೇಳಿದ್ದೀರಿ. ಖಂಡಿತ ತನ್ನಿ. ನಾವೂ ಹಾಗೆಯೇ ಜೂಲಿಯನ್ನು ತಂದವರು. ಬರುವಾಗ ಅವಳಿಗೆ ಸುಮಾರು ಒಂಬತ್ತು ವರ್ಷ. ಕಂದು ಬಣ್ಣದ ಬೀದಿ ನಾಯಿ. ಸಂತಾನ ನಿಯಂತ್ರಣ ಚಿಕಿತ್ಸೆ ಆಗಿರುವುದಕ್ಕೆ ಗುರುತಾಗಿ ಒಂದು ಕಿವಿಯ ತುದಿ ಕತ್ತರಿಸಿತ್ತು. ನಾಲ್ಕೂವರೆ ವರ್ಷ ನಮ್ಮೊಂದಿಗೆ ಇದ್ದಳು. ಆದರೆ ‘ಶಾಂತ’ ಎಂಬ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾವು ಎಡವಿದ್ದು ಅಲ್ಲಿಯೇ.

ಶೆಲ್ಟರಿನಲ್ಲಿ ಸುತ್ತಲಿನ ನಾಯಿಗಳೆಲ್ಲ ಬೊಗಳುತ್ತಿದ್ದರೂ ಜೂಲಿ ಗೋಡೆಗೆ ಮುಖ ಹಾಕಿಕೊಂಡು ಸುಮ್ಮನೆ ಮಲಗಿದ್ದಳು. ‘ಎಷ್ಟು ಸಾಧು ಪ್ರಾಣಿ’ ಎಂದು ನನ್ನ ಹೆಂಡತಿಯ ಮನಸ್ಸು ಕರಗಿತು. ಮನೆಗೆ ಬಂದ ಮೇಲೂ ವಾರಗಟ್ಟಲೆ ಅವಳು ಒಮ್ಮೆಯೂ ಬೊಗಳಲಿಲ್ಲ. ನಾವು ಎದುರಿಗಿದ್ದರೆ ನೀರು ಮುಟ್ಟುತ್ತಿರಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಬಂದ ಮೇಲೆ ಒಳಗಿನಿಂದ ನೀರು ನೆಕ್ಕುವ ಸದ್ದು ಕೇಳುತ್ತಿತ್ತು. ಎರಡನೆಯ ವಾರ ಅವಳು ಊಟ ಮಾಡುವುದನ್ನು ಹತ್ತಿರದಿಂದ ನೋಡಿದೆ. ತಲೆಯನ್ನು ಬಲಕ್ಕೆ ವಾಲಿಸಿ ಅಗಿಯುತ್ತಿದ್ದಳು, ಎಡಗಡೆಯಿಂದ ಅನ್ನದ ಅಗುಳು ನೆಲಕ್ಕೆ ಬೀಳುತ್ತಿತ್ತು. ತುಟಿ ಎತ್ತಿ ನೋಡಿದರೆ ಎಡ ದವಡೆಯ ಹಲ್ಲಿನ ಮೇಲೆ ಕಂದು ಪಾಚಿ ಕಲ್ಲಾಗಿತ್ತು, ಒಸಡಿನಲ್ಲಿ ಕೀವು ತುಂಬಿತ್ತು. ವೈದ್ಯರು ಎರಡು ಹಲ್ಲು ತೆಗೆದರು, ಸೊಂಟದ ಕೀಲು ಸವೆದಿದೆ ಎಂದು ಅದಕ್ಕೂ ಔಷಧಿ ಕೊಟ್ಟರು. ಅದಾಗಿ ಮೂರು ವಾರಕ್ಕೆ, ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತಿದವನನ್ನು ಕಂಡು ಜೂಲಿ ಮೊದಲ ಸಲ ಗಟ್ಟಿಯಾಗಿ ಬೊಗಳಿದಳು. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಅಷ್ಟು ದಿನ ನಾವು ಸಾಧುತನ ಎಂದು ಹೊಗಳುತ್ತಿದ್ದುದು ಅವಳ ನೋವನ್ನು.

ಆದ್ದರಿಂದ ಶೆಲ್ಟರಿಗೆ ಒಂದೇ ಸಲ ಹೋಗಿ ತೀರ್ಮಾನಿಸಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಕನಿಷ್ಠ ಮೂರು ಸಲ ಹೋಗಿ, ಒಮ್ಮೆಯಾದರೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ. ನಾಯಿಯ ಕಣ್ಣಿಗೆ ಕಣ್ಣಿಟ್ಟು ನೋಡದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಹತ್ತು ನಿಮಿಷ ಕುಳಿತುಕೊಳ್ಳಿ. ನಿಜವಾಗಿ ನೆಮ್ಮದಿಯಾಗಿರುವ ನಾಯಿಯ ಮೈ ಸಡಿಲವಾಗಿರುತ್ತದೆ, ಬಾಯಿ ಅರ್ಧ ತೆರೆದಿರುತ್ತದೆ. ಎದ್ದು ಬಂದು ಕೈ ಮೂಸಿ ಮತ್ತೆ ಹೋಗಿ ಮಲಗುತ್ತದೆ. ಯಾರಾದರೂ ತಟ್ಟೆ ಬೀಳಿಸಿದರೆ ಕಿವಿ ನಿಮಿರಿಸಿ ನೋಡಿ, ಕ್ಷಣದಲ್ಲಿ ಮರೆಯುತ್ತದೆ. ಕುಗ್ಗಿದ ನಾಯಿ ಹಾಗಲ್ಲ. ಬಾಲ ಕಾಲಸಂದಿಯಲ್ಲಿ ಇರುತ್ತದೆ, ತುಟಿ ಬಿಗಿದಿರುತ್ತದೆ, ನೀವು ಅಲುಗಾಡಿದರೆ ಕಣ್ಣಿನ ಬಿಳಿ ಕಾಣುತ್ತದೆ, ತಿಂಡಿ ಮುಂದಿಟ್ಟರೂ ತೆಗೆದುಕೊಳ್ಳುವುದಿಲ್ಲ. ಅಂಥ ನಾಯಿಯನ್ನು ತರಲೇಬಾರದು ಎಂದು ನಾನು ಹೇಳುವುದಿಲ್ಲ, ಜೂಲಿಯೂ ಅಂಥವಳೇ ಆಗಿದ್ದಳು. ಅದರ ನಿಜ ಸ್ವಭಾವ ಇನ್ನೂ ಹೊರಗೆ ಬಂದಿಲ್ಲ ಎಂಬುದು ನಿಮಗೆ ತಿಳಿದಿರಬೇಕು, ಅಷ್ಟೇ.

ಕಚೇರಿಯಲ್ಲಿ ಕುಳಿತವರಿಗಿಂತ ದಿನವೂ ಅನ್ನ ಹಾಕಿ ಗೂಡು ತೊಳೆಯುವವರಿಗೆ ನಾಯಿಯ ವಿಚಾರ ಹೆಚ್ಚು ತಿಳಿದಿರುತ್ತದೆ. ಅವರನ್ನು ಮಾತಾಡಿಸಿ. ಊಟದ ತಟ್ಟೆಯ ಹತ್ತಿರ ಕೈ ತಂದರೆ ಗುರ್ರೆನ್ನುತ್ತದೆಯೇ, ಕೋಲು ಹಿಡಿದವರನ್ನೋ ಹೆಲ್ಮೆಟ್ ಹಾಕಿದವರನ್ನೋ ಕಂಡರೆ ಏನು ಮಾಡುತ್ತದೆ, ಎತ್ತಿಕೊಂಡರೆ ಸಹಿಸುತ್ತದೆಯೇ, ರಾತ್ರಿ ನಿದ್ದೆ ಮಾಡುತ್ತದೆಯೇ, ಮಲಗಿದಲ್ಲೇ ಮೂತ್ರ ಹೋಗುತ್ತದೆಯೇ ಎಂದು ಕೇಳಿ. ಯಾರು ತಂದು ಬಿಟ್ಟರು, ಏಕೆ ಬಿಟ್ಟರು ಎಂಬುದನ್ನೂ ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ ಮನೆ ಬದಲಾಯಿತು, ಮಗ ವಿದೇಶಕ್ಕೆ ಹೋದ ಎಂಬ ಕಾರಣಕ್ಕೆ ಶೆಲ್ಟರ್ ಸೇರಿದ ಮನೆನಾಯಿಗಳು ಎಷ್ಟೋ ಇವೆ. ಅವು ಮನೆಯ ರೂಢಿಗೆ ಬೇಗ ಮರಳುತ್ತವೆ.

ತಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ನಿಮ್ಮದು ಲಿಫ್ಟ್ ಇಲ್ಲದ ಮನೆ. ಮೂವತ್ತು ಕಿಲೋ ತೂಗುವ ಲ್ಯಾಬ್ರಡಾರಿಗೆ ಸೊಂಟ ಬಿದ್ದರೆ ಅದನ್ನು ಮೆಟ್ಟಿಲಿಳಿಸುವವರು ಯಾರು? ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಸೊಂಟದ ಕೀಲಿನ ತೊಂದರೆ ಸಾಮಾನ್ಯ. ಹದಿನೈದು ಕಿಲೋ ಆಸುಪಾಸಿನ ದೇಸಿ ನಾಯಿಯನ್ನು ನೋಡಿ; ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದರೆ ನಿಧಾನವಾಗಿ ಇಳಿಯುತ್ತದೆ. ಬೆಲ್ಟ್ ಹಿಡಿದು ನಡೆಸುವಾಗ ಜಗ್ಗುತ್ತದೆಯೇ ಎಂಬುದನ್ನು ಶೆಲ್ಟರಿನಲ್ಲೇ ನಡೆಸಿ ನೋಡಿ. ಜಗ್ಗುವ ನಾಯಿ ಎಷ್ಟೇ ಮುದ್ದಾಗಿದ್ದರೂ ನಿಮ್ಮ ಅಪ್ಪನವರ ಕೈಗೆ ಬೇಡ. ಆ ವಯಸ್ಸಿನಲ್ಲಿ ಬಿದ್ದು ಮೂಳೆ ಮುರಿದರೆ ಮತ್ತೆ ಓಡಾಡುವುದು ಕಷ್ಟ.

ಎಲ್ಲಿ ಹುಡುಕುವುದು ಎಂದರೆ, 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ ಎಂಬ ಪ್ರಾಣಿ ರಕ್ಷಣಾ ಸಂಸ್ಥೆ ಇದೆ, ಚಾರ್ಲಿಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ, ಸಣ್ಣ ಶೆಲ್ಟರುಗಳೂ ಹಲವಿವೆ. ಸಾಮಾನ್ಯವಾಗಿ ಅರ್ಜಿ, ವಿಳಾಸದ ದಾಖಲೆ, ಮನೆ ನೋಡಲು ಒಬ್ಬರು ಬರುವುದು ಇವೆಲ್ಲ ಇರುತ್ತವೆ. ಮನೆ ನೋಡಲು ಬಂದರೆ ಬೇಸರ ಮಾಡಿಕೊಳ್ಳಬೇಡಿ, ನಾಯಿಯ ಒಳಿತಿಗಾಗಿ ಕೇಳುತ್ತಾರೆ. ಶಾಶ್ವತವಾಗಿ ದತ್ತು ಪಡೆಯುವ ಮೊದಲು ಕೆಲವು ವಾರ ಫಾಸ್ಟರ್ ಆಗಿ, ಎಂದರೆ ತಾತ್ಕಾಲಿಕವಾಗಿ, ಇಟ್ಟುಕೊಳ್ಳಲು ಬಿಡುವಿರಾ ಎಂದು ನೀವಾಗಿಯೇ ಕೇಳಿ. ನಿಮ್ಮ ಮನೆಗೆ ಅದೇ ಸರಿ. ಅಪ್ಪ ಅಮ್ಮ ಆಸ್ಪತ್ರೆ ಸೇರಬೇಕಾಗಿ ಬಂದರೆ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಪಾಲಿಕೆಯ ನಾಯಿ ಪರವಾನಗಿಗೆ ರೇಬಿಸ್ ಲಸಿಕೆಯ ಪ್ರಮಾಣಪತ್ರ ಬೇಕು, ಅದನ್ನು ಶೆಲ್ಟರಿನಿಂದಲೇ ಕೇಳಿ ಪಡೆಯಿರಿ.

ಮನೆಗೆ ಬಂದ ಮೊದಲ ವಾರವೇ ಪೂರ್ತಿ ತಪಾಸಣೆ ಮಾಡಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯೋ, ಇಲ್ಲವೇ ನಿಮ್ಮ ಬಡಾವಣೆಯ ವೈದ್ಯರೋ ಯಾರಾದರೂ ಸರಿ. ರಕ್ತಕಣಗಳ ಎಣಿಕೆ, ಪ್ಲೇಟ್‌ಲೆಟ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಮೂತ್ರ ಪರೀಕ್ಷೆ ಇವಿಷ್ಟು ಬೇಕೇ ಬೇಕು. ನಮ್ಮ ಊರಿನಲ್ಲಿ ಉಣ್ಣೆ ಹುಳು ಕಚ್ಚಿ ಬರುವ ಜ್ವರ (ಟಿಕ್ ಫೀವರ್) ಬಹಳ. ಪ್ಲೇಟ್‌ಲೆಟ್ ಕಡಿಮೆಯಿದ್ದು ನಾಯಿ ಮಂಕಾಗಿದ್ದರೆ ಅದನ್ನೇ ಮೊದಲು ಅನುಮಾನಿಸಬೇಕು, ಏಕೆಂದರೆ ಆ ಜ್ವರದಲ್ಲಿ ಬಳಲಿದ ನಾಯಿಯೂ ನೋಡುವವರಿಗೆ ‘ಶಾಂತ’ವಾಗಿಯೇ ಕಾಣುತ್ತದೆ. ಹಲ್ಲು ಮತ್ತು ಹೃದಯ ಪರೀಕ್ಷಿಸಲು, ಚರ್ಮದ ಕೆಳಗಿನ ಗಂಟುಗಳನ್ನು ಮುಟ್ಟಿ ನೋಡಲು ಹೇಳಿ. ಕಣ್ಣು ನೀಲಿ ಮಸುಕಾಗಿದ್ದ ಮಾತ್ರಕ್ಕೆ ಕುರುಡು ಎಂದು ಹೆದರಬೇಡಿ. ವಯಸ್ಸಾದ ಹೆಚ್ಚಿನ ನಾಯಿಗಳಲ್ಲಿ ಮಸೂರ ಹಾಗೆ ಕಾಣುತ್ತದೆ, ದೃಷ್ಟಿ ಬಹುಮಟ್ಟಿಗೆ ಉಳಿದಿರುತ್ತದೆ. ಪೊರೆ ಬಂದರೆ ಅದು ಬಿಳಿಯಾಗಿರುತ್ತದೆ.

ಮನೆಯಲ್ಲೇ ಅಳೆಯಬಹುದಾದ ಎರಡು ಸಂಗತಿಗಳಿವೆ, ಅಮ್ಮನವರಿಗೆ ಇವನ್ನು ಕಲಿಸಿಕೊಡಿ. ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ದಿನವೂ ಮೂವತ್ತಕ್ಕಿಂತ ಹೆಚ್ಚು ಬರುತ್ತಿದ್ದರೆ ವೈದ್ಯರಿಗೆ ತೋರಿಸಿ. ಇನ್ನೊಂದು ನೀರು. ದಿನಕ್ಕೆ ಒಂದು ಕಿಲೋ ತೂಕಕ್ಕೆ 100 ಮಿಲಿಲೀಟರಿಗಿಂತ ಹೆಚ್ಚು, ಎಂದರೆ ಹದಿನೈದು ಕಿಲೋ ನಾಯಿ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿದರೆ ಮೂತ್ರಪಿಂಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಬೇಕು. ಬಾಟಲಿಯಲ್ಲಿ ಅಳೆದು ಬಟ್ಟಲಿಗೆ ಹಾಕಿದರೆ ಲೆಕ್ಕ ಸುಲಭ. ನಿಮ್ಮ ಮನೆಯ ಮಂಡಿನೋವಿನ ಮಾತ್ರೆಗಳನ್ನು ನಾಯಿಗೆ ಎಟುಕದ ಕಡೆ ಇಡಿ. ಕುಂಟುತ್ತಿದೆ ಪಾಪ ಎಂದು ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ಕೊಟ್ಟರೆ ನಾಯಿಯ ಪ್ರಾಣಕ್ಕೇ ಅಪಾಯ.

ಊಟದ ಚಿಂತೆ ಬೇಡ. ಬೆಕ್ಕಿನಂತಲ್ಲದೆ ನಾಯಿ ಮಾಂಸವಿಲ್ಲದ ಆಹಾರದಲ್ಲೂ ಬದುಕಬಲ್ಲದು, ಆದರೆ ಬರೀ ಮೊಸರನ್ನ ಸಾಲದು. ಸಮತೋಲನವಿರುವ ಸಿದ್ಧ ಆಹಾರವನ್ನು ವೈದ್ಯರನ್ನು ಕೇಳಿ ಆರಿಸಿಕೊಳ್ಳಿ. ಶೆಲ್ಟರಿನಲ್ಲಿ ಕೊಡುತ್ತಿದ್ದ ಊಟದಿಂದ ಹೊಸದಕ್ಕೆ ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ. ಹಬ್ಬದ ದಿನ ಪಾಯಸ, ಕೇಸರಿಬಾತ್ ಹಾಕಬೇಡಿ. ಒಣದ್ರಾಕ್ಷಿ ನಾಯಿಗೆ ವಿಷ. ಈರುಳ್ಳಿ ಬೆರೆತ ಸಾರು, ಪಲ್ಯವೂ ಬೇಡ.

ಮನೆಯಲ್ಲಿ ಮೊದಲು ಸರಿಪಡಿಸಬೇಕಾದದ್ದು ನೆಲ. ನುಣುಪು ಗ್ರಾನೈಟಿನ ಮೇಲೆ ಜೂಲಿಯ ಹಿಂಗಾಲು ಜಾರಿ ಎರಡು ಕಡೆಗೆ ಹರಡಿಕೊಳ್ಳುತ್ತಿತ್ತು, ಏಳಲು ಉಗುರಿನಿಂದ ಕೆರೆಯುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹಾಸಿಗೆಯಿಂದ ನೀರಿನ ಬಟ್ಟಲಿನವರೆಗೆ, ಅಲ್ಲಿಂದ ಬಾಗಿಲಿನವರೆಗೆ ಅಡಿಯಲ್ಲಿ ರಬ್ಬರ್ ಇರುವ ಮ್ಯಾಟ್ ಹಾಸಿದ ದಿನವೇ ಅವಳ ನಡಿಗೆಯಲ್ಲಿ ಧೈರ್ಯ ಕಾಣಿಸಿತು. ಉಗುರು ಕತ್ತರಿಸಿ. ಮೆಟ್ಟಿಲಿನ ಬಾಯಿಗೆ ಸಣ್ಣ ಗೇಟು ಇರಲಿ. ರಾತ್ರಿ ಒಂದು ಚಿಕ್ಕ ದೀಪ ಉರಿಯಲಿ, ಅಪ್ಪ ಅಮ್ಮ ಕತ್ತಲೆಯಲ್ಲಿ ಎದ್ದಾಗ ಮಲಗಿದ ನಾಯಿಯನ್ನು ಎಡವಬಾರದು.

ಹೊಸ ನಾಯಿಗೆ ಹೆದರಿಕೆ ತಗ್ಗಲು ಮೂರು ದಿನ, ದಿನಚರಿ ಹಿಡಿಯಲು ಮೂರು ವಾರ, ಇದು ನನ್ನ ಮನೆ ಎನ್ನಿಸಲು ಮೂರು ತಿಂಗಳು ಎಂದು ನಾಯಿ ಸಾಕುವವರು ಹೇಳುತ್ತಾರೆ. ಜೂಲಿಗೆ ಇನ್ನೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ನೆಂಟರನ್ನು ಕರೆದು ತೋರಿಸಬೇಡಿ, ಸ್ನಾನ ಮಾಡಿಸಲು ಅವಸರ ಬೇಡ. ಮೊದಲ ವಾರಗಳಲ್ಲಿ ಕೊರಳಪಟ್ಟಿ ಕಳಚಿಕೊಂಡು ಓಡುವ ಅಪಾಯ ವಯಸ್ಸಾದ ನಾಯಿಗಳಲ್ಲೂ ಇದೆ. ಕೊರಳಪಟ್ಟಿಯ ಜೊತೆಗೆ ಎದೆಗೆ ಹಾರ್ನೆಸ್ ಹಾಕಿ, ಮೊಬೈಲ್ ಸಂಖ್ಯೆ ಇರುವ ಬಿಲ್ಲೆ ಕಟ್ಟಿ. ಗಣೇಶ ಹಬ್ಬ, ದೀಪಾವಳಿಗೆ ಒಂದು ತಿಂಗಳು ಇದೆ ಎನ್ನುವಾಗ ತರಬೇಡಿ. ಪಟಾಕಿ ಸದ್ದು ಮುಗಿದ ಮೇಲೆ ತನ್ನಿ.

ಮೊದಲ ಸಲ ಶೆಲ್ಟರಿಗೆ ಹೋಗುವಾಗ ಅಪ್ಪನವರು ಉಟ್ಟು ಬಿಟ್ಟ, ಒಗೆಯದ ಹಳೆಯ ಪಂಚೆಯೊಂದನ್ನು ತೆಗೆದುಕೊಂಡು ಹೋಗಿ. ಮನಸ್ಸಿಗೆ ಹಿಡಿಸಿದ ನಾಯಿಯ ಹತ್ತಿರ ಅದನ್ನು ಬಿಟ್ಟು ಬರಲು ಅನುಮತಿ ಕೇಳಿ. ಮನೆಗೆ ಕರೆತರುವ ದಿನ ಅದೇ ಪಂಚೆಯನ್ನು ಕಾರಿನ ಸೀಟಿನ ಮೇಲೆ ಹಾಸಿ. ಜೂಲಿ ಹೊಸಕೆರೆಹಳ್ಳಿಯ ನಮ್ಮ ಮನೆಯವರೆಗೂ ಅಂಥದೇ ಪಂಚೆಯಲ್ಲಿ ಮೂಗು ಹುದುಗಿಸಿಕೊಂಡೇ ಬಂದಳು.